ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಿಂದ ಬಂದ ಪಾಲಕರೇ, ತಾಯಂದಿರೇ, ಪ್ರೀತಿಯ ಮಕ್ಕಳೇ,

ವಿದ್ಯಾರ್ಥಿವೇತನ ಕೈಗೆ ಬರುವ ದಿನ ಉಪದೇಶ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದ್ದರಿಂದ ನಾವು ಉಪದೇಶ ಮಾಡುವುದಿಲ್ಲ, ಒಂದು ಪಾಠ ಮಾಡುತ್ತೇವೆ. ಆಯುಷ್ಯವೆಲ್ಲ ಕಪ್ಪುಹಲಗೆಯ ಮುಂದೆ ಕಳೆದವರಿಗೆ ಅದೇ ಸುಲಭ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಎರಡು-ಮೂರು ವಾಕ್ಯಗಳ ಒಂದು ಹೇಳಿಕೆ ಕೊಟ್ಟು, ಕೆಳಗೆ ನಾಲ್ಕು ತೀರ್ಮಾನ ಬರೆದು, ‘ಇದರಿಂದ ಯಾವ ತೀರ್ಮಾನಕ್ಕೆ ಬರಬಹುದು?’ ಎಂದು ಕೇಳುತ್ತಾರೆ. ಮಕ್ಕಳು ನಮ್ಮ ಬಳಿ ಬಂದು ಹೇಳುವ ಮಾತು ಒಂದೇ: ‘ಲೆಕ್ಕ ಬರ್ತಾವ್ರಿ, ಸಂಖ್ಯಾ ಸರಣಿ ಬರ್ತಾವ್ರಿ, ಇದರಾಗ ಮಾತ್ರ ನಾಲ್ಕೂ ಸರಿ ಅನ್ನಿಸ್ತಾವ್ರಿ.’ ಹಾಗನ್ನಿಸುವುದು ದಡ್ಡತನವಲ್ಲ. ನಾಲ್ಕೂ ಸರಿ ಎನಿಸುವಂತೆಯೇ ಆ ಪ್ರಶ್ನೆಯನ್ನು ಕಟ್ಟಿರುತ್ತಾರೆ.

ಇದು ಎಲ್ಲಿ ಬರುತ್ತದೆ? 8ನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆ, ವಿಷಯಗಳ ಪತ್ರಿಕೆಯಲ್ಲಿ 90 ಪ್ರಶ್ನೆ, ಒಂದೊಂದಕ್ಕೂ 90 ನಿಮಿಷ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಮುಂದೆ ನೀವು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತರೂ, ಸರ್ಕಾರಿ ನೌಕರಿಯ ಪರೀಕ್ಷೆಗೆ ಕುಳಿತರೂ ಇದು ನಿಮ್ಮ ಬೆನ್ನು ಬಿಡುವುದಿಲ್ಲ. ಐಎಎಸ್‌ನ ಪೂರ್ವಭಾವಿ ಪರೀಕ್ಷೆಯಲ್ಲಿ 2011ರಿಂದ ಸಿಸ್ಯಾಟ್ ಎಂಬ ಪತ್ರಿಕೆ ಇದೆ: 80 ಪ್ರಶ್ನೆ, 200 ಅಂಕ. ಅದರಲ್ಲಿ ಶೇ 33 ಅಂಕ ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದರೂ ಮುಂದಿನ ಹಂತಕ್ಕೆ ದಾರಿ ಇಲ್ಲ. ಅಲ್ಲಿ ತಪ್ಪು ಉತ್ತರ ಬರೆದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಪಾಲು ಕಳೆಯುತ್ತಾರೆ.

ಈಗ ನಮ್ಮ ಹೊಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೇಳಿಕೆ ಹೀಗಿದೆ ಎಂದುಕೊಳ್ಳಿ:

‘ಭೀಮಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಅಲ್ಲಿನ ಉಜನಿ ಜಲಾಶಯವನ್ನು ದಾಟಿ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಿಗೆ ಬರುತ್ತದೆ. ಮೇಲ್ಭಾಗದಲ್ಲಿ ಮಳೆ ಜೋರಾಗಿ ಜಲಾಶಯ ತುಂಬಿದಾಗ ನದಿಗೆ ನೀರು ಬಿಡುತ್ತಾರೆ. ಈ ತಾಲೂಕುಗಳಲ್ಲಿ ಮಳೆ ಇಲ್ಲದ ದಿನಗಳಲ್ಲೂ ಹೊಳೆ ಉಕ್ಕಿದ್ದುಂಟು.’

ತೀರ್ಮಾನಗಳು ನಾಲ್ಕು. ಒಂದು: ಮೇಲಿನವರು ನಮ್ಮ ಕಷ್ಟ ನೋಡದೆ ನೀರು ಬಿಡುತ್ತಾರೆ. ಎರಡು: ಉಜನಿ ಇಲ್ಲದಿದ್ದರೆ ಇಲ್ಲಿ ಪ್ರವಾಹವೇ ಬರುತ್ತಿರಲಿಲ್ಲ. ಮೂರು: ದಂಡೆಯ ಊರುಗಳನ್ನು ಬೇರೆ ಕಡೆ ಸ್ಥಳಾಂತರಿಸಬೇಕು. ನಾಲ್ಕು: ಇಲ್ಲಿ ಹೊಳೆ ಉಕ್ಕಲು ಇಲ್ಲಿಯೇ ಮಳೆ ಬರಬೇಕೆಂದಿಲ್ಲ.

ದಂಡೆಯ ಊರಿನ ಮಕ್ಕಳ ಕೈ ಮೊದಲನೆಯದಕ್ಕೋ ಮೂರನೆಯದಕ್ಕೋ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಮನೆಯೊಳಗೆ ನೀರು ಹೊಕ್ಕಿದ್ದನ್ನು ಕಂಡವರು, ಸಾಮಾನು ಹೊತ್ತು ಕಾಳಜಿ ಕೇಂದ್ರಕ್ಕೆ ಹೋದವರು ಹಾಗೆ ಯೋಚಿಸುವುದು ಸಹಜ. ಆದರೆ ಪ್ರಶ್ನೆ ಕೇಳಿದ್ದು ನಿಮ್ಮ ಅನುಭವವನ್ನಲ್ಲ, ಈ ಮೂರು ವಾಕ್ಯಗಳು ಏನನ್ನು ಹೊರಬಲ್ಲವು ಎಂಬುದನ್ನು. ಮೊದಲನೆಯದು ಇನ್ನೊಬ್ಬರ ಮನಸ್ಸಿನ ಮಾತು. ಹೇಳಿಕೆಯಲ್ಲಿ ಯಾರ ಮನಸ್ಸಿನ ವಿಷಯವೂ ಇಲ್ಲ. ಎರಡನೆಯದು ಜಲಾಶಯವಿಲ್ಲದ ಕಾಲದ ಮಾತು, ಅದೂ ಹೇಳಿಕೆಯಲ್ಲಿಲ್ಲ. ಮೂರನೆಯದು ಸಲಹೆ. ಒಳ್ಳೆಯ ಸಲಹೆಯೇ ಇರಬಹುದು, ಆದರೆ ಸಲಹೆ ತೀರ್ಮಾನವಲ್ಲ. ಅದನ್ನು ಕೇಳುವುದಿದ್ದರೆ ‘ಯಾವ ಕ್ರಮ ಕೈಗೊಳ್ಳಬೇಕು?’ ಎಂದು ಬೇರೆಯಾಗಿ ಕೇಳುತ್ತಾರೆ. ನಾಲ್ಕನೆಯದು ನೋಡಲು ಸಪ್ಪೆ. ಆದರೆ ಮೂರನೇ ವಾಕ್ಯದ ಮೇಲೆ ಬೆರಳಿಟ್ಟು ‘ಇದರಿಂದ ಬಂತು’ ಎಂದು ತೋರಿಸಬಹುದಾದದ್ದು ಅದೊಂದೇ.

ಹಾಗಾಗಿ ನೆನಪಿಡಿ: ಸತ್ಯವಾದದ್ದೆಲ್ಲ ಉತ್ತರವಲ್ಲ, ಒಳ್ಳೆಯದೆಲ್ಲ ಉತ್ತರವಲ್ಲ, ಮನಸ್ಸಿಗೆ ಹಿತವಾದದ್ದಂತೂ ಉತ್ತರವಲ್ಲ. ಕೊಟ್ಟ ವಾಕ್ಯಗಳು ಎಷ್ಟು ಭಾರ ಹೊರುತ್ತವೋ ಅಷ್ಟೇ ಉತ್ತರ. ನಮ್ಮ ಜೇಬಿನಿಂದ ಒಂದು ಪೈಸೆಯನ್ನೂ ಅದಕ್ಕೆ ಸೇರಿಸಬಾರದು.

ಹಿತವಾದ ಉತ್ತರ ಹೇಗೆ ಮೋಸ ಮಾಡುತ್ತದೆ ನೋಡಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಇಷ್ಟನ್ನೇ ಹೇಳಿ ‘ಇದರಿಂದ ತೊಗರಿ ಬೆಳೆಗಾರರ ಆದಾಯ ಹೆಚ್ಚಿತು’ ಎಂಬ ತೀರ್ಮಾನ ಕೊಟ್ಟರೆ ನಮ್ಮ ಮಕ್ಕಳು ಕಣ್ಣು ಮುಚ್ಚಿ ಗುರುತು ಹಾಕುತ್ತಾರೆ. ಅಪ್ಪನ ಹೊಲದ ತೊಗರಿಗೆ ಒಳ್ಳೆಯ ಬೆಲೆ ಬರಲಿ ಎಂಬ ಆಸೆ ಯಾರಿಗಿಲ್ಲ? ಆದರೆ ಮಾನ್ಯತೆ ಸಿಕ್ಕಿದ್ದು ಒಂದು ಮಾತು, ಬೆಲೆ ಏರಿದ್ದು ಇನ್ನೊಂದು ಮಾತು. ಎರಡರ ನಡುವಿನ ಸೇತುವೆಯನ್ನು ಹೇಳಿಕೆ ಕಟ್ಟಿಲ್ಲ, ನಾವು ಕಟ್ಟಿದ್ದೇವೆ.

ಇನ್ನೊಂದು ಜಾಗದಲ್ಲಿ ಕಾಲು ಜಾರುತ್ತದೆ. ‘ಬೆಂಕಿ ಇಲ್ಲದೆ ಹೊಗೆಯಾಡದು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕೇ? ಕಮ್ಮಾರನ ಕುಲುಮೆಯಿಂದ ತೆಗೆದ ಕೆಂಡದಂಥ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ನಮ್ಮ ನಾಡಿನ ನ್ಯಾಯಶಾಸ್ತ್ರದವರು ಇದೇ ಕಾದ ಕಬ್ಬಿಣವನ್ನು ಉದಾಹರಣೆಯಾಗಿ ಕೊಡುತ್ತಿದ್ದರು. ನಮ್ಮ ಮದರಸಾಗಳ ದರ್ಸೆ ನಿಜಾಮಿಯಲ್ಲಿ ಮಂತಿಖ್ ಎಂಬ ವಿಷಯವಿದೆಯಲ್ಲ, ಅದೂ ಇದೇ ತರ್ಕಶಾಸ್ತ್ರ. ಕೊಟ್ಟ ಹೇಳಿಕೆಗೆ ಅಲ್ಲಿ ಮುಖದ್ದಿಮಾ ಎನ್ನುತ್ತಾರೆ, ತೀರ್ಮಾನಕ್ಕೆ ನತೀಜಾ ಎನ್ನುತ್ತಾರೆ. ಇಬ್ನ್ ಸೀನಾ ಬರೀ ಹಕೀಮರಲ್ಲ, ಮಂತಿಖ್ ಮೇಲೂ ಬರೆದವರು. ಆದ್ದರಿಂದ ‘ಇದು ಕೋಚಿಂಗ್ ಕ್ಲಾಸಿನವರ ವಿದ್ಯೆ, ನಮಗೆ ಬಾರದು’ ಎಂದು ಯಾರೂ ಹೆದರಬೇಕಿಲ್ಲ. ಇದು ನಮ್ಮ ಅಜ್ಜಂದಿರ ಓದು.

ಉರ್ದು ಮಾಧ್ಯಮದ ಮಕ್ಕಳಿಗೆ ಒಂದು ವಿಶೇಷ ಮಾತು. ಉರ್ದುವಿನಲ್ಲಿ ‘ಹೀ’ ಮತ್ತು ‘ಭೀ’ ಬೇರೆ ಬೇರೆ ಪದಗಳಾಗಿ ಎದುರಿಗೆ ನಿಲ್ಲುತ್ತವೆ. ಕನ್ನಡದಲ್ಲಿ ಅವು ಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ‘ಮಳೆಯಿಂದ ಬೆಳೆ ಹಾಳಾಯಿತು’, ‘ಮಳೆಯಿಂದಲೇ ಬೆಳೆ ಹಾಳಾಯಿತು’, ‘ಮಳೆಯಿಂದಲೂ ಬೆಳೆ ಹಾಳಾಯಿತು’: ಈ ಮೂರೂ ಬೇರೆ. ‘ಲೇ’ ಬಂದರೆ ಬೇರೆ ಕಾರಣಕ್ಕೆ ಜಾಗವಿಲ್ಲ. ‘ಲೂ’ ಬಂದರೆ ಬೇರೆ ಕಾರಣವೂ ಇದೆ ಎಂದಾಯಿತು. ಒಂದು ಅಕ್ಷರ ಬಿಟ್ಟು ಓದಿದರೆ ಒಂದು ಅಂಕ ಹೋಯಿತು. ‘ಎಲ್ಲ’, ‘ಕೆಲವು’, ‘ಮಾತ್ರ’, ‘ಯಾವಾಗಲೂ’ ಎಂಬ ಪದಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಹೇಳಿಕೆಯಲ್ಲಿ ‘ಕೆಲವು’ ಇದ್ದು ತೀರ್ಮಾನದಲ್ಲಿ ‘ಎಲ್ಲ’ ಬಂದಿದ್ದರೆ ಅದನ್ನು ಕೂಡಲೇ ಹೊಡೆದುಹಾಕಿ.

ಎರಡು ತೀರ್ಮಾನಗಳು ಉಳಿದು ಗೊಂದಲವಾದರೆ ಒಂದು ಉಪಾಯವಿದೆ. ತೀರ್ಮಾನ ಸುಳ್ಳು ಎಂದು ಗಳಿಗೆ ಹೊತ್ತು ಒಪ್ಪಿಕೊಳ್ಳಿ. ಆಗಲೂ ಹೇಳಿಕೆ ಅಲುಗಾಡದೆ ನಿಂತರೆ, ಆ ತೀರ್ಮಾನಕ್ಕೆ ಹೇಳಿಕೆಯ ಗಟ್ಟಿ ಆಧಾರವಿಲ್ಲ. ತೊಗರಿಯ ಆದಾಯ ಏರಲಿಲ್ಲ ಎಂದುಕೊಳ್ಳಿ. 2019ರಲ್ಲಿ ಮಾನ್ಯತೆ ಸಿಕ್ಕಿದ್ದೇನೂ ಸುಳ್ಳಾಗುವುದಿಲ್ಲ. ಆದರೆ ‘ಹೊಳೆ ಉಕ್ಕಲು ಇಲ್ಲಿಯೇ ಮಳೆ ಬರಬೇಕು’ ಎಂದರೆ ಹೇಳಿಕೆಯ ಮೂರನೇ ವಾಕ್ಯ ಕುಸಿದುಬೀಳುತ್ತದೆ. ಹೀಗೆ ನೋಡಿಯೂ ಎರಡು ಉಳಿದರೆ, ಕಡಿಮೆ ಹೇಳುವುದನ್ನು ಆರಿಸಿ. ಸಣ್ಣ ಗಂಟನ್ನು ಹೊರುವುದು ಸುಲಭ.

ಪಾಲಕರೇ, ಇನ್ನು ನಿಮ್ಮ ಕಡೆಗೆ ಬರುತ್ತೇವೆ. ಈ ಪ್ರಶ್ನೆಪತ್ರಿಕೆಯನ್ನು ನಾವೆಲ್ಲ ದಿನವೂ ಬರೆಯುತ್ತಿದ್ದೇವೆ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು: ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ. 1ರಿಂದ 8ನೇ ತರಗತಿಯ ಮಕ್ಕಳಿಗೆ ಅದು ನಿಂತಿತು. ಮೂರು ತಾಲೂಕುಗಳ ಬಡ ಮನೆಗಳಿಗೆ ಅದು ನಿಜವಾದ ಪೆಟ್ಟು. ಅದನ್ನು ನಾವು ಸಣ್ಣದು ಎನ್ನುವುದಿಲ್ಲ. ಆದರೆ ಆ ಪ್ರಕಟಣೆ ಓಣಿಗೆ ಬರುವಷ್ಟರಲ್ಲಿ ಏನಾಯಿತು? ‘ನಮ್ಮ ಮಕ್ಕಳ ಸ್ಕಾಲರ್‌ಶಿಪ್ ಎಲ್ಲಾ ಬಂದ್ ಆಗ್ಯಾವ’ ಎಂದಾಯಿತು. ಪ್ರಕಟಣೆ ಹೇಳಿದ್ದು ಒಂದು ಯೋಜನೆಯ ಬಗ್ಗೆ, ಎಂಟು ತರಗತಿಗಳ ಬಗ್ಗೆ. ‘ಎಲ್ಲಾ’ ಎಂಬ ಪದವನ್ನು ನಾವು ಸೇರಿಸಿದೆವು.

ಆ ಒಂದು ಪದದ ಬೆಲೆ ಲೆಕ್ಕ ಹಾಕೋಣ. ಎನ್‌ಎಂಎಂಎಸ್ ಬೇರೆಯೇ ಯೋಜನೆ. 2008ರಲ್ಲಿ ಶುರುವಾದದ್ದು, ಶಿಕ್ಷಣ ಸಚಿವಾಲಯದ್ದು, ಎಲ್ಲ ಸಮುದಾಯದ ಮಕ್ಕಳಿಗೂ ಸೇರಿದ್ದು. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಬಾರದು. ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ 8ನೇ ತರಗತಿ ಓದುತ್ತಿರಬೇಕು. ಊಟ-ವಸತಿ ಕೊಡುವ ಸರ್ಕಾರಿ ವಸತಿ ಶಾಲೆ, ನವೋದಯ, ಕೇಂದ್ರೀಯ ವಿದ್ಯಾಲಯದ ಮಕ್ಕಳಿಗೆ ಇಲ್ಲ. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ‘ಎಲ್ಲಾ ಬಂದ್’ ಎಂದು ನಂಬಿ ಅರ್ಜಿಯನ್ನೇ ಹಾಕದ ಮನೆಯ ಮಗುವಿಗೆ ಈ ಹಣಕ್ಕೆ ಸ್ಪರ್ಧಿಸುವ ಅವಕಾಶವೇ ಇಲ್ಲವಾಯಿತು. ಹತ್ತನೆಯದಕ್ಕೆ ಶಾಲೆ ಬಿಡಿಸಿ ಮದುವೆ ಮಾಡುವ ಮಾತು ಬಂದಾಗ, ‘ನನ್ನ ಓದಿನ ಖರ್ಚು ನನ್ನ ಖಾತೆಗೇ ಬರುತ್ತದೆ’ ಎಂದು ಹೇಳುವ ಬಲ ಒಂದು ಹೆಣ್ಣುಮಗುವಿಗೆ ಸಿಗಬಹುದಾಗಿತ್ತು.

ಇದೇ ಯೋಜನೆಯ ನಿಯಮಗಳನ್ನೂ ನಾವು ಹೀಗೆಯೇ ಓದುತ್ತೇವೆ. ‘ಅರ್ಹತೆಗೆ ಕನಿಷ್ಠ ಶೇ 40 ಅಂಕ’ ಎಂದಿದ್ದರೆ ‘ಶೇ 40 ಬಂದರೆ ಹಣ ಬಂತು’ ಎಂದುಕೊಳ್ಳುತ್ತೇವೆ. ಪರಿಶಿಷ್ಟ ಮಕ್ಕಳಿಗೆ ಅದು ಶೇ 32. ನಿಯಮ ಹೇಳಿದ್ದು, ಅಷ್ಟು ಬಾರದಿದ್ದರೆ ಸಿಗುವುದಿಲ್ಲ ಎಂದು. ಅಷ್ಟು ಬಂದರೆ ಸಿಕ್ಕೇ ಸಿಗುತ್ತದೆ ಎಂದು ಹೇಳಿಲ್ಲ. ರಾಜ್ಯಕ್ಕೆ ಇಷ್ಟು ಎಂದು ಸಂಖ್ಯೆ ಗೊತ್ತುಮಾಡಿ, ಹೆಚ್ಚು ಅಂಕ ಬಂದವರನ್ನು ಆರಿಸುತ್ತಾರೆ. ಹೊಗೆ-ಬೆಂಕಿಯ ಲೆಕ್ಕ ಇಲ್ಲಿಯೂ ಅದೇ. ಹಾಗೆಯೇ ‘ನಾಲ್ಕು ವರ್ಷ ಕೊಡುತ್ತಾರೆ’ ಎಂದರೆ ‘ತಾನಾಗಿಯೇ ಬರುತ್ತದೆ’ ಎಂದಲ್ಲ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. 10ನೇ ತರಗತಿಯಲ್ಲಿ ಶೇ 60 ಅಂಕ ಬಂದರೆ ಮಾತ್ರ ಪಿಯುಸಿಗೆ ಮುಂದುವರಿಯುತ್ತದೆ. ಪರಿಶಿಷ್ಟರಿಗೆ ಶೇ 5 ರಿಯಾಯಿತಿ ಇದೆ.

ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಇದನ್ನೇ ಕೇಳಿಕೊಳ್ಳಿ: ಇದರಲ್ಲಿ ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು? ಕೇಳಿದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕು, ಊಹೆಯ ಬೆನ್ನು ಹತ್ತಬಾರದು ಎಂಬುದು ಸೂರಃ ಹುಜುರಾತ್ ನಮಗೆ ಕಲಿಸಿದ ಪಾಠವೂ ಹೌದು.

ಮಕ್ಕಳೇ, ಮನೆಗೆ ಹೋಗಿ ಒಂದು ಕೆಲಸ ಮಾಡಿ. ದಿನಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ಕೆಳಗೆ ಎರಡು ತೀರ್ಮಾನ ಬರೆಯಿರಿ: ಸುದ್ದಿಯಿಂದ ಬರುವಂಥದ್ದು ಒಂದು, ಬಂದಂತೆ ಕಾಣುವ ಆದರೆ ಬಾರದಂಥದ್ದು ಒಂದು. ಪಕ್ಕದ ಮನೆಯ ಗೆಳೆಯನಿಗೋ ಗೆಳತಿಗೋ ಕೊಟ್ಟು ಯಾವುದು ಸರಿ ಎಂದು ಕೇಳಿ. ದಿನಕ್ಕೆ ಒಂದು ಸಾಕು. ಪರೀಕ್ಷೆಯ ಹೊತ್ತಿಗೆ ನಿಮ್ಮ ಕೈ ತಾನಾಗಿಯೇ ಆಧಾರದ ವಾಕ್ಯವನ್ನು ಹುಡುಕುತ್ತದೆ. ಮತ್ತು 8ನೇ ತರಗತಿಯವರು ನಾಳೆಯೇ ನಿಮ್ಮ ಮುಖ್ಯ ಗುರುಗಳನ್ನು ಕಂಡು ಎನ್‌ಎಂಎಂಎಸ್ ಅರ್ಜಿಯ ವಿಷಯ ಕೇಳಿ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು.

ಅಲ್ಲಾಹನು ನಿಮ್ಮ ಓದಿನಲ್ಲಿ ಬರಕತ್ ನೀಡಲಿ.