ಎಂಜಿನಿಯರಿಂಗ್ ವಿದ್ಯಾರ್ಥಿ ಮತ್ತು ಸಂವಹನ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂವಹನ ಕೌಶಲವೆಂದರೆ ಪಟಪಟನೆ ಇಂಗ್ಲಿಷ್ ಮಾತಾಡುವುದು ಎಂಬ ನಂಬಿಕೆ ಬೇರೂರಿದೆ. ಪ್ಲೇಸ್‌ಮೆಂಟ್ ಹೊತ್ತಿಗೆ ನಡೆಯುವ ತರಬೇತಿಗಳೂ ಬಹುಮಟ್ಟಿಗೆ ಉಚ್ಚಾರಣೆ, ಉಡುಪು, ಕೈಕುಲುಕುವ ರೀತಿಯಲ್ಲೇ ಮುಗಿದುಹೋಗುತ್ತವೆ. ಕೆಲಸಕ್ಕೆ ಸೇರಿದವರಿಗೆ ಬೇಕಾಗುವುದು ಬೇರೆ: ತನಗೆ ಗೊತ್ತಿರುವ ತಾಂತ್ರಿಕ ಸಂಗತಿಯನ್ನು, ಅದನ್ನು ನೆಚ್ಚಿ ತೀರ್ಮಾನ ಮಾಡಬೇಕಾದವರಿಗೆ ಅಪಾರ್ಥಕ್ಕೆ ಎಡೆಯಿಲ್ಲದಂತೆ ಮುಟ್ಟಿಸುವುದು.

ಇದು ತಪ್ಪಿದರೆ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯನ್ನು ಹೊತ್ತು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿತು. ಒಂದೂವರೆ ನಿಮಿಷ ತುಂಬುವ ಮೊದಲೇ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಎಂಜಿನಿಯರುಗಳು ಹಾನಿಯ ಅಂದಾಜು ಮಾಡಿ ನಾಸಾ ಅಧಿಕಾರಿಗಳ ಮುಂದಿಟ್ಟರು. ಅದರ ಒಂದು ಸ್ಲೈಡಿನ ತಲೆಬರಹ ಓದಿದರೆ ಪರೀಕ್ಷೆಯ ಅಂಕಿಅಂಶಗಳು ಸುರಕ್ಷತೆಯ ಕಡೆಗೇ ವಾಲಿವೆ ಎನಿಸುತ್ತಿತ್ತು. ಅದರಡಿಯಲ್ಲಿ ಸಾಲಿನೊಳಗೆ ಸಾಲು, ಉಪಸಾಲು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದ ತುಂಡಿನ ಗಾತ್ರ 3 ಘನ ಅಂಗುಲ, ಈಗ ಬಡಿದದ್ದರ ಅಂದಾಜು 1920 ಘನ ಅಂಗುಲ ಎಂಬ ಮಾತು ಇದ್ದದ್ದು ಕಟ್ಟಕಡೆಯಲ್ಲಿ. 640 ಪಟ್ಟು ದೊಡ್ಡ ತುಂಡಿಗೆ ಹಳೆಯ ಪರೀಕ್ಷೆಯ ಫಲಿತಾಂಶ ಅನ್ವಯಿಸುವುದೇ ಎಂಬುದು ತಲೆಬರಹದಲ್ಲಿ ಇರಬೇಕಾಗಿದ್ದ ಪ್ರಶ್ನೆ. ಫೆಬ್ರುವರಿ 1ರಂದು ಹಿಂದಿರುಗುವಾಗ ನೌಕೆ ಛಿದ್ರವಾಯಿತು. ಏಳು ಮಂದಿಯೂ ಸತ್ತರು. ದುರಂತಕ್ಕೆ ಸ್ಲೈಡೊಂದೇ ಕಾರಣವಲ್ಲ, ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಅದನ್ನು ಬೇರೆಯಾಗಿಯೇ ಚರ್ಚಿಸಿತು. ಆ ಸ್ಲೈಡನ್ನು ಬರೆದವರಿಗೆ ಇಂಗ್ಲಿಷಿನ ತೊಂದರೆಯಂತೂ ಇರಲಿಲ್ಲ.

ಗೊತ್ತಿರುವುದನ್ನು ಸ್ಪಷ್ಟವಾಗಿ ಮುಟ್ಟಿಸುವ ಅಭ್ಯಾಸಕ್ಕೆ ಕಾಲೇಜಿನಲ್ಲಿ ಸಿಗುವ ಮೊದಲ ಜಾಗ ಲ್ಯಾಬ್ ರೆಕಾರ್ಡು. ಸೀನಿಯರುಗಳ ಪುಸ್ತಕದಿಂದ ನಕಲಾಗುತ್ತ ಬಂದು ಅದೀಗ ಅಕ್ಷರ ತಿದ್ದುವ ಕೆಲಸವಾಗಿಬಿಟ್ಟಿದೆ. ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆಂದು ಅಳೆಯುವ ಸ್ಲಂಪ್ ಪರೀಕ್ಷೆಯಲ್ಲಿ 160 ಮಿ.ಮೀ. ಬಂತೆಂದು ಬರೆದು ಮುಗಿಸಿದರೆ ಓದಿದವರಿಗೆ ಏನೂ ತಿಳಿಯದು. ಈ ಮಿಶ್ರಣ ಬಳಸಕೂಡದು, ಬೇಕಿದ್ದದ್ದು 75ರಿಂದ 100 ಮಿ.ಮೀ., ಬಂದದ್ದು 160 ಮಿ.ಮೀ., ಬಹುಶಃ ನೀರು ಹೆಚ್ಚಾಗಿದೆ, ಹಾಗಿದ್ದರೆ ಬಲ ಕುಗ್ಗುತ್ತದೆ ಎಂದು ಸ್ವಂತ ಮಾತಿನಲ್ಲಿ ಐದು ಸಾಲು ಬರೆದರೆ ಅದು ವರದಿ. ಅಂಕಿಯ ಜೊತೆ ಅಳತೆಯ ಮಾನವಿರಬೇಕು, ಹೋಲಿಸಿ ನೋಡಲು ಇನ್ನೊಂದು ಅಂಕಿ ಇರಬೇಕು, ತೀರ್ಮಾನ ಮೊದಲ ಸಾಲಿನಲ್ಲೇ ಬರಬೇಕು.

ಇದೇ ವಿಷಯವನ್ನು ಸೈಟಿನಲ್ಲಿ ಗಾರೆಯವರಿಗೆ ಹೇಳುವಾಗ ನೀರು-ಸಿಮೆಂಟ್ ಅನುಪಾತದ ಸೂತ್ರ ಕೆಲಸಕ್ಕೆ ಬಾರದು. ಕಲಸಲು ಸುಲಭವೆಂದು ಇನ್ನೊಂದು ಬಕೆಟ್ ನೀರು ಸುರಿದರೆ ಗಟ್ಟಿಯಾದ ಮೇಲೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ ಎಂದರೆ ಅರ್ಥವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತಾವು ಹಿಂದೆ ಬಿದ್ದಿದ್ದೇವೆಂದು ಅಳುಕುವುದುಂಟು. ಇಂಥ ಕಡೆ ಅವರದೇ ಮೇಲುಗೈ. ಪಾಠವನ್ನು ಮೊದಲು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ, ಆಮೇಲೆ ಇಂಗ್ಲಿಷಿಗೆ ತರುವುದು ಒಳ್ಳೆಯ ದಾರಿ. ಅರ್ಥವಾಗದೆ ಉಳಿದದ್ದು ಕನ್ನಡದಲ್ಲಿ ಹೇಳಹೊರಟಾಗಲೇ ಗೊತ್ತಾಗಿಬಿಡುತ್ತದೆ, ಇಂಗ್ಲಿಷಿನ ಪಾರಿಭಾಷಿಕ ಪದಗಳ ಮರೆಯಲ್ಲಿ ಅದು ಅಡಗಿ ಕೂರಬಲ್ಲದು.

ಸೆಮಿನಾರಿನಲ್ಲಿ ಪರದೆಯ ಮೇಲಿರುವುದನ್ನೇ ಗಟ್ಟಿಯಾಗಿ ಓದುವುದು ಎಲ್ಲರಿಗೂ ಗೊತ್ತಿರುವ ಪಿಡುಗು. ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ ಅದರ ಬೇಸರ ಯಾರೂ ಹೇಳದೆಯೇ ತಿಳಿಯುತ್ತದೆ. ವೈವಾದಲ್ಲಿ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವುದು ಉತ್ತರದಷ್ಟೇ ಮುಖ್ಯ. ಉತ್ತರ ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳಿ, ಅದನ್ನು ಕಂಡುಕೊಳ್ಳಲು ಯಾವ ಅಳತೆ ಅಥವಾ ಲೆಕ್ಕ ಬೇಕೆಂದು ತಿಳಿಸಬಹುದು. ಅನುಭವಿ ಪರೀಕ್ಷಕರು ಅದನ್ನು ಮೆಚ್ಚುತ್ತಾರೆ. ಇನ್ನು ನಾಲ್ವರು ಸೇರಿ ಮಾಡುವ ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ, ಪ್ರತಿ ಸಭೆಯ ಕೊನೆಗೆ ಯಾವ ಕೆಲಸ, ಯಾರದು, ಎಂದಿನೊಳಗೆ ಎಂದು ಬರೆದು ಎಲ್ಲರಿಗೂ ಕಳಿಸುವ ರೂಢಿಯಾದರೆ, ಕಚೇರಿಯ ಪತ್ರವ್ಯವಹಾರದ ಅರ್ಧ ಪಾಠ ಅಲ್ಲೇ ಆದಂತೆ.