ಪ್ರಿಪೊಸಿಷನ್ ಮತ್ತು ಹೊಣೆಗಾರಿಕೆ



ಕನ್ನಡಿಗನು ನಾಯಿಗೆ ಹೆದರುತ್ತಾನೆ, ಗೆಳೆಯನ ಮೇಲೆ ಸಿಟ್ಟಾಗುತ್ತಾನೆ, ಒಲಿದವಳೊಂದಿಗೆ ಮದುವೆಯಾಗುತ್ತಾನೆ. ಇಂಗ್ಲಿಷಿನ ರೂಢಿಯಾದರೋ ‘ಅಫ್ರೇಡ್ ಆಫ್’, ‘ಆಂಗ್ರಿ ವಿತ್’, ‘ಮ್ಯಾರೀಡ್ ಟು’. ವಲಸಿಗನ ಬಾಯಲ್ಲಿ ‘ಆಂಗ್ರಿ ಆನ್’, ‘ಮ್ಯಾರೀಡ್ ವಿತ್’ ಎಂದು ಬಂದರೆ ಅದು ಅಜ್ಞಾನವಲ್ಲ; ಅಲ್ಲಿ ಕನ್ನಡದ ವ್ಯಾಕರಣ ತನ್ನ ಕೆಲಸ ಮಾಡುತ್ತಿರುತ್ತದೆ. ಕನ್ನಡದಲ್ಲಿ ಸಂಬಂಧ ತಿಳಿಸುವ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಆ ಹೊಣೆ ನಾಮಪದದ ಮುಂದೆ ನಿಲ್ಲುವ ಪ್ರಿಪೊಸಿಷನ್ನಿನದು. ಯಾವ ಗುಣವಾಚಕಕ್ಕೆ ಯಾವುದು ಎಂಬುದನ್ನು ತರ್ಕವಲ್ಲ, ಬಳಕೆ ತೀರ್ಮಾನಿಸುತ್ತದೆ. ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ಗುರುತಿಸಿದ್ದನು.

ಇಂಗ್ಲಿಷಿನ ಒಡೆಯರೆನಿಸಿಕೊಂಡವರಲ್ಲಿಯೂ ಒಮ್ಮತವಿಲ್ಲ. ‘ಡಿಫರೆಂಟ್ ಫ್ರಮ್’ ಎಲ್ಲೆಡೆ ಸಲ್ಲುತ್ತದೆ. ‘ಡಿಫರೆಂಟ್ ಟು’ ಬ್ರಿಟನ್ನಿನಲ್ಲಿ, ‘ಡಿಫರೆಂಟ್ ದ್ಯಾನ್’ ಅಮೆರಿಕದಲ್ಲಿ ಸಾಮಾನ್ಯ. ‘ಫ್ರಮ್’ ಒಂದೇ ಸರಿ ಎಂಬ ಹಟವನ್ನು ಫೌಲರ್ 1926ರಲ್ಲಿಯೇ ಮೂಢನಂಬಿಕೆ ಎಂದು ತಳ್ಳಿಹಾಕಿದ್ದನು. ಆಂಗ್ಲರ ನಡುವಿನ ಭೇದಕ್ಕೆ ‘ಶೈಲಿ’ ಎಂಬ ಹೆಸರು. ವಲಸಿಗನದಕ್ಕೆ ಮಾತ್ರ ‘ತಪ್ಪು’.

ಭಾಷೆ ಗಡಿಯ ಬೀಗವಾದದ್ದೂ ಉಂಟು. ಆಸ್ಟ್ರೇಲಿಯಾದ 1901ರ ವಲಸೆ ನಿರ್ಬಂಧ ಕಾಯ್ದೆ ಯೂರೋಪಿನ ಯಾವುದೇ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡುವ ಅಧಿಕಾರವನ್ನು ಅಧಿಕಾರಿಗಳಿಗೆ ನೀಡಿತು. 1934ರಲ್ಲಿ ಫ್ಯಾಸಿಸ್ಟ್ ವಿರೋಧಿ ಲೇಖಕ ಎಗೊನ್ ಕಿಶ್‌ನಿಗೆ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಪರೀಕ್ಷೆಯೊಡ್ಡಲಾಯಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆ ಪರೀಕ್ಷೆ ರದ್ದಾದದ್ದು 1958ರಲ್ಲಿ. ಅದು ಅಳೆಯುತ್ತಿದ್ದುದು ಭಾಷಾಜ್ಞಾನವನ್ನಲ್ಲ. ಬೇಡದವರನ್ನು ಹೊರಗಿಡುವುದೇ ಅದರ ಕೆಲಸವಾಗಿತ್ತು.

ಹಾಗೆಂದು ಪ್ರಿಪೊಸಿಷನ್ ಕಲಿಯುವುದು ವ್ಯರ್ಥವೆ? ಅಲ್ಲ. ಕೆಲವೆಡೆ ಅದು ಬದಲಾದರೆ ಅರ್ಥವೇ ಬದಲಾಗುತ್ತದೆ. ಸರ್ಕಾರ ಜನರ ಕುರಿತು ‘ರೆಸ್ಪಾನ್ಸಿಬಲ್ ಫಾರ್’ ಎಂದರೆ ಅದು ಪಾಲಕ, ಜನರು ಪಾಲಿತರು. ‘ರೆಸ್ಪಾನ್ಸಿಬಲ್ ಟು’ ಎಂದರೆ ಅದು ಜನರಿಗೆ ಉತ್ತರ ಕೊಡಬೇಕಾದದ್ದು. ಭಾರತದ ಸಂವಿಧಾನದ 75ನೆಯ ವಿಧಿ ಮಂತ್ರಿಮಂಡಲವನ್ನು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿದೆ; ಅಲ್ಲಿರುವುದು ‘ಟು’. ಕನ್ನಡದ ‘ಗೆ’ ಪ್ರತ್ಯಯವೂ ಅದನ್ನೇ ನುಡಿಯುತ್ತದೆ.

ಆದ್ದರಿಂದ ಗುಣವಾಚಕವನ್ನೂ ಪ್ರಿಪೊಸಿಷನ್ನನ್ನೂ ಜೋಡಿಪದವಾಗಿ ಕಲಿಯುವುದು ಲೇಸು. ಬಾಡಿಗೆ ಕರಾರು, ಉದ್ಯೋಗದ ಒಪ್ಪಂದಗಳಲ್ಲಿ ಯಾರು ಯಾರಿಗೆ, ಯಾವುದಕ್ಕೆ ಹೊಣೆ ಎಂಬುದನ್ನು ಓದಿ ಪ್ರಶ್ನಿಸಲು ಆ ಕಲಿಕೆ ಬೇಕು. ಆದರೆ ‘ಆಂಗ್ರಿ ಆನ್’ ಎಂದವನ ಸಿಟ್ಟಿಗೆ ಕಾರಣವೇನೆಂದು ಕೇಳುವುದು, ಅವನ ವ್ಯಾಕರಣ ತಿದ್ದುವುದಕ್ಕಿಂತ ಮೊದಲಿನ ಕೆಲಸ.