ಗಣಗಣ ಎಂಬ ಮಾತು



ಮೊನ್ನೆ ಪಾಠ ನಡೆದಿತ್ತು. ಗುಡಿಯಲ್ಲಿ ಗಂಟೆ ಬಾರಿಸಿದರು. "ಗಂಟಿ ಗಣಗಣ ಅಂತು ನೋಡ್ರಿ" ಎಂದರು ಒಬ್ಬ ಅಕ್ಕ. "ಅದನ್ನೇ ಪಾಟಿಯ ಮೇಲೆ ಬರೆಯಿರಿ" ಎಂದೆವು. ಅವರು ನಾಚಿದರು. "ಇದು ನಮ್ಮ ಮನಿ ಮಾತು. ಇದನ್ನ ಬರೀತಾರೇನ್ರಿ?" ಎಂದು ಕೇಳಿದರು.

ಬರೀತಾರೆ. ಇವತ್ತು ಆ ಮಾತಿನ ಬಗ್ಗೆಯೇ ಮಾತಾಡೋಣ.

ಗಣಗಣ ಎಂಬ ಮಾತು ಎಲ್ಲಿಂದ ಬಂತು? ಗಂಟೆಯಿಂದಲೇ ಬಂತು. ಗಂಟೆಯ ಸದ್ದು ಕಿವಿಗೆ ಹೇಗೆ ಕೇಳಿತೋ ಹಾಗೇ ನಮ್ಮ ಹಿರಿಯರು ನುಡಿದರು. ಇಂಥ ಮಾತಿಗೆ ಅನುಕರಣ ಪದ ಎನ್ನುತ್ತಾರೆ. ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ಅಕ್ಕಂದಿರು ಇದ್ದಾರೆ. ಅವರ ಗಂಟೆಯೂ ಗಣಗಣ ಎನ್ನುತ್ತದೆ!

ಒಂದೊಂದು ವಸ್ತುವಿಗೆ ಒಂದೊಂದು ಸದ್ದು. ಗೆಜ್ಜೆ ಘಲ್ ಘಲ್. ದುಡ್ಡು ಝಣಝಣ. ತಾಟು ಬಿದ್ದರೆ ಠಣ್. ಘ, ಝ, ಠ ಅಕ್ಷರ ಕಷ್ಟ ಅಂತೀರಲ್ಲ? ಈ ಸದ್ದು ನೆನಪು ಮಾಡಿಕೊಳ್ಳಿರಿ. ಅಕ್ಷರ ತಾನೇ ನೆನಪಾಗುತ್ತದೆ.

ಗಂಟೆ ಎಂಬ ಮಾತಿಗೆ ಎರಡು ಅರ್ಥ. ಒಂದು, ಬಾರಿಸುವ ಗಂಟೆ. ಇನ್ನೊಂದು, ಹೊತ್ತು. ಹಿಂದೆ ಮನೆಮನೆಗೆ ಗಡಿಯಾರ ಇರಲಿಲ್ಲ. ಗಂಟೆ ಬಾರಿಸಿ ಹೊತ್ತು ತಿಳಿಸುತ್ತಿದ್ದರು. ಅದಕ್ಕೇ ಈಗಲೂ "ಹತ್ತು ಗಂಟೆ" ಅಂತೀವಿ. ಬಾಯಲ್ಲಿ ಗಂಟಿ ಅಂತೀವಿ, ಪುಸ್ತಕದಲ್ಲಿ ಗಂಟೆ ಎಂದು ಬರೆಯುತ್ತೇವೆ. ಎರಡೂ ಒಂದೇ.

ನಮ್ಮ ಮಾತು ಒರಟು ಎಂದು ನಾಚಬೇಡಿರಿ. ಕವಿರಾಜಮಾರ್ಗ ಎಂಬ ಪುಸ್ತಕ 9ನೇ ಶತಮಾನದ್ದು. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಅದರಲ್ಲಿ ಕೊಪಣ ಒಂದು. ಕೊಪಣ ಎಂದರೆ ನಮ್ಮ ಕೊಪ್ಪಳ. 1894ರಲ್ಲಿ ಕಿಟ್ಟೆಲ್ ಎಂಬುವರ ದೊಡ್ಡ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನಿಘಂಟು ಎಂದರೆ ಮಾತುಗಳ ಅರ್ಥ ಹೇಳುವ ಪುಸ್ತಕ. ಇಂಥ ಸದ್ದಿನ ಮಾತುಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ.

ಇನ್ನೊಂದು ಮಾತು. ತಾಮ್ರಕ್ಕೆ ತವರ ಕೂಡಿಸಿದರೆ ಕಂಚು. ಕಂಚಿಗೆ ಒಳ್ಳೆಯ ನಾದ ಉಂಟು. ದನಿ ಜೋರಾಗಿದ್ದರೆ ಕಂಚಿನ ಕಂಠ ಅಂತೀವಿ. ಕುಷ್ಟಗಿಯಲ್ಲಾಗಲಿ, ಯಲಬುರ್ಗಾದಲ್ಲಾಗಲಿ, ಕಂಚಿನ ಗಂಗಾಳ ಕೊಳ್ಳುವಾಗ ಏನು ಮಾಡ್ತೀವಿ? ಬೆರಳಿನಿಂದ ಬಡಿದು ನೋಡ್ತೀವಿ. ಗಟ್ಟಿ ಇದ್ದರೆ ಠಣ್ ಎಂದು ನಾದ ಉಳಿಯುತ್ತದೆ. ಸೀಳು ಬಿಟ್ಟಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತದೆ. ನಮ್ಮ ಅಜ್ಜಿಯರು ಬೆಳ್ಳಿ ರೂಪಾಯಿಯನ್ನೂ ಕಲ್ಲಿಗೆ ಬಡಿದು ನೋಡುತ್ತಿದ್ದರು. ಖರೇದು ಯಾವುದು, ಖೋಟಾ ಯಾವುದು ಎಂದು ಕಿವಿಯೇ ಹೇಳುತ್ತಿತ್ತು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಪಾತ್ರೆಯಲ್ಲಿ, ದುಡ್ಡಿನಲ್ಲಿ ಅವರನ್ನು ಮೋಸ ಮಾಡುವುದು ಸುಲಭ ಇರಲಿಲ್ಲ.

ಆದರೆ ಕಾಗದ ಸದ್ದು ಮಾಡೋದಿಲ್ಲ. ಸಾಲದ ಪತ್ರ ಬಡಿದರೆ ಠಣ್ ಅನ್ನೋದಿಲ್ಲ. ಕೂಲಿ ಪಟ್ಟಿ ಗಣಗಣ ಅನ್ನೋದಿಲ್ಲ. ಹತ್ತು ಬರೆದಿದ್ದಾರೋ, ನೂರು ಬರೆದಿದ್ದಾರೋ, ಕಿವಿಗೆ ತಿಳಿಯೋದಿಲ್ಲ. ಅದಕ್ಕೆ ಕಣ್ಣೇ ಬೇಕು, ಓದೇ ಬೇಕು. ಗಂಗಾಳ ಬಡಿದು ನೋಡಿ ಕೊಳ್ಳುವ ನಾವು, ಪತ್ರ ಓದಿ ನೋಡದೆ ಹೆಬ್ಬೆಟ್ಟು ಒತ್ತುವುದು ಸರಿಯೇ?

ಆ ಅಕ್ಕ ಅವತ್ತು ಪಾಟಿಯ ಮೇಲೆ "ಗಂಟೆ ಗಣಗಣ" ಎಂದು ಬರೆದರು. ಕೆಳಗೆ ತಮ್ಮ ಹೆಸರನ್ನೂ ಬರೆದರು.

ನೀವೂ ಬರೆಯಿರಿ. ಮನೆಗೆ ಹೋಗಿ ಯಾವ ಪಾತ್ರೆ ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿರಿ. ಐದು ಸದ್ದು ಬರೆದುಕೊಂಡು ನಾಳೆ ಬನ್ನಿರಿ. ಎಲ್ಲರೂ ಕೂಡಿ ಓದೋಣ.